ಗಾಳಿಯ ತೂಕ

ಚಳಿಗಾಲ ಆಗಷ್ಟೇ ಕಾಲಿಟ್ಟಿತ್ತು. ಬಂದರಿನ ದೀಪಗಳು ಆರಿರಲಿಲ್ಲ, ಬೆಳಕೂ ಸರಿಯಾಗಿ ಹರಿದಿರಲಿಲ್ಲ. ಅಂಥ ಹೊತ್ತಿನಲ್ಲಿ ಕಡ್ಡಿಯಣ್ಣ ಸಾಮಾನಿನ ಕೋಣೆಯ ಬಾಗಿಲು ತೆಗೆದು ಕಳ್ಳಬೆಕ್ಕಿನ ಹಾಗೆ ಒಳಗೆ ಹೋದ. ಅವನು ಕದಿಯಲು ಬಂದದ್ದು ಗಾಳಿಯನ್ನು.

ಹಡಗುಗಳ ಹೊಟ್ಟೆಗೆ ಸುತ್ತಿಕೊಂಡ ಹಗ್ಗ, ಬಲೆ ಬಿಡಿಸುವ ಮುಳುಗುಗಾರ ಅವನು. ಜೊತೆಗಾರ ಅವನ ಅಕ್ಕನ ಗಂಡ. ಇಬ್ಬರೂ ಕೂದಲು ಕಪ್ಪಗಿದ್ದಾಗಿನಿಂದ ಒಟ್ಟಿಗೇ ನೀರಿಗಿಳಿದವರು. ಬೆನ್ನಿಗೆ ಹಾಕಿಕೊಳ್ಳುವುದು ಜೋಡಿ ಸಿಲಿಂಡರ್; ಒಬ್ಬನೇ ಎತ್ತಿ ಹಾಕಿಕೊಳ್ಳುವಂಥ ತೂಕವಲ್ಲ. ಒಬ್ಬ ಬೆಂಚಿನ ಮೇಲೆ ಕೂರಬೇಕು, ಇನ್ನೊಬ್ಬ ಹಿಂದಿನಿಂದ ಎತ್ತಿ ಹಿಡಿಯಬೇಕು, ಅದು ಅಲ್ಲಿಯ ಪದ್ಧತಿ. ಭಾವ ಎತ್ತಿ ಹಿಡಿಯುತ್ತಿದ್ದರು. ಕಡ್ಡಿಯಣ್ಣ ಅಂಗಿ ಹಾಕಿಸಿಕೊಳ್ಳುವ ಮಗುವಿನ ಹಾಗೆ ಪಟ್ಟಿಯೊಳಗೆ ಕೈ ತೂರಿಸುತ್ತಿದ್ದ.

ಹೊಸ ಸಾಹೇಬರು ಬಂದು ಇದನ್ನು ನೋಡಿದರು. ನೋಡಿದವರಿಗೆ ಸುಮ್ಮನಿರಲಾಗಲಿಲ್ಲ. ಪ್ರತಿಯೊಬ್ಬನೂ ತನ್ನ ಜೋಡಿಯನ್ನು ತಾನೇ ಆರಿಸಿ, ತಾನೇ ಹೊತ್ತು, ದೋಣಿ ಕಟ್ಟುವ ಧಕ್ಕೆಯ ತುದಿಯವರೆಗೆ ಎಲ್ಲೂ ಇಳಿಸದೆ ನಡೆಯಬೇಕೆಂದು ಅಪ್ಪಣೆಯಾಯಿತು. ನಡುವೆ ಇಳಿಸಿದವನಿಗೆ ಇನ್ನು ನೀರಿಲ್ಲ, ದಡದ ಕೆಲಸ. ಕಡ್ಡಿಯಣ್ಣನ ಸೊಂಟ ಹಿಂದಿನ ಮಳೆಗಾಲದಲ್ಲೇ ಕೈಕೊಟ್ಟಿತ್ತು. ದಡದ ಕೆಲಸಕ್ಕೆ ಅವನೇನೂ ಹೆದರಿರಲಿಲ್ಲ. ಭಾವ ಬೇರೆ ಯಾರದೋ ಜೊತೆ ಕೆಳಗಿಳಿಯುವುದು, ತಾನು ಮೇಲೆ ನಿಂತು ಗುಳ್ಳೆ ನೋಡುವುದು, ಅದನ್ನು ನೆನೆದರೆ ಮಾತ್ರ ಅನ್ನ ಇಳಿಯುತ್ತಿರಲಿಲ್ಲ.

ಹಿಂದಿನ ದಿನ ಜೋಡಿ ಆರಿಸುವಾಗ ಬಂದರಿಗೆ ಬಂದರೇ ಸಲಹೆ ಕೊಡಲು ನಿಂತಿತ್ತು. ಉದ್ದನೆಯದು ತಗೋ, ಸಪೂರವಾಗಿದೆ, ಹಗುರ ಇರುತ್ತದೆ ಎಂದು ಹಡಗಿಗೆ ಬಣ್ಣ ಬಳಿಯುವವನು ಹೇಳಿದ. ಹಾಕಿಕೊಂಡರೆ ಮೇಲಿನ ವಾಲ್ವು ತಲೆಗೆ ಕುಟ್ಟಿತು, ಬುಡ ತೊಡೆಗೆ ಕುಟ್ಟಿತು. ಬಾಗಿಲ ಚೌಕಟ್ಟನ್ನು ಬೆನ್ನಿಗೆ ಕಟ್ಟಿಕೊಂಡವನ ಹಾಗೆ ಕಂಡ. ಅಲ್ಯೂಮಿನಿಯಂ ತಗೋ, ನಮ್ಮ ಮನೆ ಪಾತ್ರೆ ಹೂವಿನ ಹಾಗಿವೆ ಎಂದಳು ಬಲೆ ಹೆಣೆಯುವ ಚಿಕ್ಕಮ್ಮ. ಎತ್ತಿದರೆ ಅದೂ ಅಷ್ಟೇ ಭಾರ. ಗಾಳಿ ತುಂಬುವ ಯಂತ್ರದವನು ನಕ್ಕ. ಅದರ ಗೋಡೆ ದಪ್ಪ, ಮೇಲಾಗಿ ನೀರೊಳಗೆ ಗಾಳಿ ಮುಗಿಯುತ್ತ ಬಂದರೆ ಅದು ತೇಲಲು ನೋಡುತ್ತದೆ, ಆಗ ಸೊಂಟಕ್ಕೆ ಸೀಸ ಕಟ್ಟಬೇಕು ಎಂದ. ಸೊಂಟದ ಮಾತು ಬಂದದ್ದೇ ಕಡ್ಡಿಯಣ್ಣ ಗಿಡ್ಡನೆಯ ಉಕ್ಕಿನ ಜೋಡಿಗೆ ಕೈಯಿಟ್ಟ. ಭಾವನೂ ಅಂಥದ್ದನ್ನೇ ಆರಿಸಿದರು. ಯಂತ್ರದವನು ಎರಡನ್ನೂ ತುಂಬಿಸಿ, ಒಳಗಿನ ಗಾಳಿಯೇ ಅವಳಿ ಕೂಸುಗಳಷ್ಟು ತೂಗುತ್ತದೆ ಎಂದು ಹೇಳಿ ಮನೆಗೆ ಹೋದ. ಆ ಕೂಸುಗಳು ಇಡೀ ರಾತ್ರಿ ಕಡ್ಡಿಯಣ್ಣನನ್ನು ಮಲಗಲು ಬಿಡಲಿಲ್ಲ.

ಈಗ ಅವನು ಕಿಟಕಿ ಹತ್ತಿರದ ತನ್ನ ಜೋಡಿಯ ವಾಲ್ವು ತಿರುಗಿಸಿದ. ಊರಿನ ಹಾವುಗಳೆಲ್ಲ ಒಟ್ಟಿಗೇ ಬುಸುಗುಟ್ಟಿದ ಹಾಗಾಯಿತು. ವಾಲ್ವಿಗೆ ಮಂಜು ಕಟ್ಟಿತು, ಅವನಿಗೆ ಬೆವರು. ಚಿಕ್ಕಮ್ಮ ದೊಣ್ಣೆ ಹಿಡಿದು ಬಾಗಿಲಿಗೆ ಬಂದಳು. ನೆಗಡಿ ಚಿಕ್ಕಮ್ಮ, ಮೂಗು ಸೀಟುತ್ತಿದ್ದೆ ಎಂದ.

"ಇಷ್ಟುದ್ದವಾ?" ಎಂದು ಚಿಕ್ಕಮ್ಮ ಮರುಗಿದಳು. ಎಳೆದುಕೊಂಡು ಹೋಗಿ, ತಲೆಗೆ ಕಂಬಳಿ ಮುಚ್ಚಿ, ಬಿಸಿನೀರಿನ ಹಬೆ ಹಿಡಿಸಿದಳು. ಬಿಡಿಸಿಕೊಂಡು ಬರುವಷ್ಟರಲ್ಲಿ, ವಾಲ್ವು ತೆರೆದೇ ಉಳಿದಿದ್ದ ಜೋಡಿಯಲ್ಲಿ ಉಸಿರಿರಲಿಲ್ಲ. ಅವನಲ್ಲೂ ಹೆಚ್ಚು ಉಳಿದಿರಲಿಲ್ಲ.

ಬಿಸಿಲೇರಿದ ಮೇಲೆ ಸಾಹೇಬರು ಬಂದರು, ಹಿಂದೆ ನೋಡುವವರ ಹಿಂಡು. ಕಡ್ಡಿಯಣ್ಣ ಕಿಟಕಿಯ ಕಡೆ ಹೊರಟ. ಭಾವ ತಡೆದರು.

"ಬಾಗಿಲ ಹತ್ತಿರದ್ದು ನೀನು ತಗೋ. ನಾಲ್ಕು ಹೆಜ್ಜೆ ಉಳಿಯುತ್ತೆ."

"ಬೇಡ ಭಾವ, ಅದು ನಿಮ್ಮದು."

"ಎರಡೂ ಒಂದೇ ತರ ಅಲ್ವಾ. ನಿನ್ನ ಸೊಂಟ ನನಗೆ ಗೊತ್ತಿಲ್ವಾ? ಹೇಳಿದಷ್ಟು ಕೇಳು."

ಸಾಹೇಬರು ನೋಡುತ್ತಿದ್ದರು. ಕಡ್ಡಿಯಣ್ಣ ಬಾಗಿಲ ಕಡೆ ತಿರುಗಿದ. ತುಂಬಿದ ಜೋಡಿಯನ್ನು ಮೇಜಿನ ಅಂಚಿಗೆ ಎಳೆದು, ಬೆನ್ನು ಕೊಟ್ಟು, ಪಟ್ಟಿಗೆ ಕೈ ತೂರಿಸಿ ಎದ್ದ. ಸೊಂಟದಲ್ಲಿ ಏನೋ ಲಟಕ್ಕೆಂದಿತು. ಮದುವೆ ಮನೆಯ ಬೀರುವೊಂದು ತಾನಾಗಿಯೇ ಬೀದಿಗಿಳಿದ ಹಾಗೆ ಅತ್ತಿತ್ತ ವಾಲುತ್ತ ನಡೆದ. ಬಗ್ಗು ಎಂದರು ಕೆಲವರು, ನೆಟ್ಟಗಾಗು ಎಂದರು ಕೆಲವರು. ಅವನು ಎರಡೂ ಕಡೆಯವರ ಮಾತು ಕೇಳಿ ಇನ್ನಷ್ಟು ಸೊಟ್ಟಗಾದ. ಹಿಂದೆ ಭಾವ ಅವನಿಗಿಂತ ನಿಧಾನವಾಗಿ, ಏದುಸಿರು ಬಿಡುತ್ತ ಬರುತ್ತಿದ್ದರು. ಖಾಲಿ ಜೋಡಿಗೇ ಹೀಗಾದರಲ್ಲ, ಭಾವನಿಗೂ ವಯಸ್ಸಾಯಿತು ಎಂದು ಆ ನೋವಿನಲ್ಲೂ ಅವನಿಗೆ ಸಂಕಟವಾಯಿತು.

ಇಬ್ಬರೂ ಇಳಿಸದೆ ತುದಿ ಮುಟ್ಟಿದರು. ಸಾಹೇಬರು ಗಾಳಿ ಅಳೆಯುವ ಗೇಜು ಹಚ್ಚಿದರು. ಕಡ್ಡಿಯಣ್ಣನದು ತುಂಬಿತ್ತು. ಭಾವನದರಲ್ಲಿ ಮುಳ್ಳು ಮಲಗಿದ್ದು ಏಳಲೇ ಇಲ್ಲ.

"ಗಾಳಿ ಬಿಟ್ಟವರು ಯಾರು?"

"ನಾನೇ," ಎಂದರು ಭಾವ. "ಹೊರೋಕೆ ಆಗಲ್ಲ ಅನ್ನಿಸ್ತು."

"ಸುಳ್ಳು ಸಾಹೇಬ್ರೇ, ಬಿಟ್ಟದ್ದು ನಾನು," ಎಂದ ಕಡ್ಡಿಯಣ್ಣ.

ಸಾಹೇಬರು ಅವನ ಬೆನ್ನು ನೋಡಿದರು. "ತುಂಬಿದ್ದು ಹೊತ್ತು ನಿಂತಿದ್ದೀಯ. ಅವರದರ ಗಾಳಿ ಬಿಟ್ಟು ನಿನಗೇನು ಸಿಗುತ್ತೆ?"

ಅದಕ್ಕೆ ಅವನಲ್ಲಿ ಉತ್ತರವಿತ್ತು. ಆದರೆ ಹೇಳಿದಷ್ಟೂ ಅದು ಕಟ್ಟುಕತೆಯ ಹಾಗೆ ಕೇಳಿಸಿತು. ಭಾವನ ಮೇಲೆ ಎಂಥ ಪ್ರೀತಿ ಎಂದು ಬಣ್ಣದವನು ಕಣ್ಣೊರೆಸಿಕೊಂಡ. ಖಾಲಿ ಸಿಲಿಂಡರ್ ಹೊತ್ತು ನೀರಿನ ಅಂಚಿಗೆ ಬರುವವನು ಈ ಬಂದರಿಗೇ ಬೇಡ ಎಂದು ಸಾಹೇಬರು ತೀರ್ಮಾನ ಕೊಟ್ಟರು. ಕಡ್ಡಿಯಣ್ಣನನ್ನು ಎಲ್ಲರೆದುರು ಹೊಗಳಿದರು.

ಜನ ಚದುರಿದ ಮೇಲೆ ಭಾವ ಅವನ ಪಟ್ಟಿ ಸಡಿಲಿಸಿ, ಜೋಡಿಯನ್ನು ಎತ್ತಿ ಬೆಂಚಿನ ಮೇಲಿಟ್ಟರು.

"ನಿನ್ನದು ಖಾಲಿ ಅಂತ ಎತ್ತಿದಾಗಲೇ ಗೊತ್ತಾಯ್ತು," ಎಂದರು. "ಹಗುರವಾಗಿ ನಡೆದಿದ್ರೆ ಅವರಿಗೂ ಗೊತ್ತಾಗೋದು."

ಅಕ್ಕ, ಭಾವ ಬಂದರು ಬಿಟ್ಟು ಹೊರಡುವ ದಿನ ದೋಣಿಯ ಹತ್ತಿರ ಕಡ್ಡಿಯಣ್ಣ ಅಕ್ಕನಿಗೆ ನಡೆದದ್ದನ್ನೆಲ್ಲ ಹೇಳಿದ. ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡಳು.

"ಇವರ ಮರ್ಯಾದೆ ಉಳಿಸೋಕೆ ನೀನು ಸುಳ್ಳು ಹೇಳಬೇಡ. ನಿನಗೆ ಮೋಸ ಮಾಡೋ ಬುದ್ಧಿ ಇವರಿಗೆ ಎಲ್ಲಿಂದ ಬಂತೋ. ತಪ್ಪಾಯ್ತು, ಮನಸ್ಸಲ್ಲಿ ಇಟ್ಕೋಬೇಡಪ್ಪ."

ಭಾವ ಪಕ್ಕದಲ್ಲೇ ಬಗ್ಗಿ ಗಂಟು ಕಟ್ಟುತ್ತಿದ್ದರು. ಆಮೇಲೆ ಅಕ್ಕನ ಕೈ ಹಿಡಿದು ಹತ್ತಿಸಿ, ತಾವೂ ಹತ್ತಿದರು. ಇಬ್ಬರೂ ಹೋದದ್ದು ಶುಕ್ರವಾರ.