ಇಪ್ಪತ್ತು ಪೋಷಕರ ಸಹಿ ಬೇಕಾಗಿದೆ

ಹನ್ನೊಂದು ದೇಶಗಳ ಗಡಿ ದಾಟಿದ್ದೇನೆ. ಗೊತ್ತಿಲ್ಲದ ಭಾಷೆಯಲ್ಲಿ ಜಗಳವಾಡಿದ್ದೇನೆ, ತಪ್ಪು ರೈಲು ಹತ್ತಿ ಸರಿಯಾದ ಊರು ತಲುಪಿದ್ದೇನೆ. ಆದರೆ ಏನು ನಡೆಯುತ್ತಿದೆ ಎಂದೇ ತಿಳಿಯದೆ ಕಣ್ಣು ಪಿಳಿಪಿಳಿ ಬಿಡುವುದು ನಮ್ಮವರ ನಡುವೆ ಕೂತಾಗ ಮಾತ್ರ. ವರ್ಷಕ್ಕೆ ಎರಡು ಮೂರು ಸಲವಾದರೂ ಹೀಗಾಗುತ್ತದೆ. ಈ ಸಲ ಆದದ್ದು ಸಹಿಯಿಂದ.

ಸೌದಿಯ ಜಿದ್ದಾದ ಅಜೀಜಿಯಾದಲ್ಲಿ ನಮ್ಮ ಮನೆ. ಮಗಳು ನಾಲ್ಕನೇ ಕ್ಲಾಸು. ಶಾಲೆಯ ಬಸ್ಸು ನಮ್ಮ ಗಲ್ಲಿಗೆ ಬರುವುದನ್ನು ಬಿಟ್ಟು ದೊಡ್ಡ ರಸ್ತೆಯ ಆಚೆ ಬದಿಗೆ ಮಕ್ಕಳನ್ನು ಇಳಿಸತೊಡಗಿತು. ಆರು ಸಾಲು ವಾಹನ, ಅದರ ನಡುವೆ ತನ್ನಷ್ಟೇ ಭಾರದ ಚೀಲ ಹೊತ್ತ ಮಗಳು. ದೂರು ಕೊಟ್ಟರೆ, "ಪೋಷಕರ ಕಮಿಟಿಯಲ್ಲಿ ಹೇಳಿ" ಎಂದರು. ಕಮಿಟಿಗೆ ಚುನಾವಣೆ ಬಂದಾಗ ನಾನೇ ನಿಲ್ಲುತ್ತೇನೆ ಎಂದೆ.

ನಿಲ್ಲಬೇಕಾದರೆ ಅರ್ಜಿಯಲ್ಲಿ ಇಪ್ಪತ್ತು ಪೋಷಕರ ಸಹಿ ಬೇಕು. ಪಕ್ಕದಲ್ಲಿ ಇಕಾಮಾ, ಅಂದರೆ ಇಲ್ಲಿನ ವಾಸದ ಪರವಾನಗಿಯ ನಂಬರು, ಮಗುವಿನ ತರಗತಿ. ಒಬ್ಬರು ಒಬ್ಬ ಅಭ್ಯರ್ಥಿಗೆ ಮಾತ್ರ ಸಹಿ ಹಾಕಬಹುದು. ಬೇರೆಯವರ ಅರ್ಜಿಗೆ ಸಹಿ ಹಾಕಿದವರು ತಾವು ನಿಲ್ಲುವಂತಿಲ್ಲ. ಇದರಲ್ಲಿ ಕಷ್ಟ ಎಂತ ಉಂಟು ಎಂದುಕೊಂಡೆ.

೧. ಎರಡು ಪೆಟ್ಟಿಗೆ

ಇಲ್ಲಿ ನಮ್ಮವರು ನಾಲ್ಕು ಜನ ಸೇರಿದರೆ ಐದು ಪಟ್ಟಿ ಹೊರಡುತ್ತದೆ. ಉಮ್ರಾ ಬಸ್ಸಿಗೊಂದು, ಊರಿಂದ ಬರುವ ಮಾವಿನಹಣ್ಣಿಗೊಂದು, ಇಫ್ತಾರ್ ಊಟಕ್ಕೊಂದು. ಊರ ಹೊರಗಿನ ಬಾಡಿಗೆ ತೋಟದ ಮನೆಯಲ್ಲಿ ಒಂದು ಶುಕ್ರವಾರ ಊಟವಿತ್ತು. ನನ್ನ ಅರ್ಜಿಯನ್ನು ಅಲ್ಲೇ ಕೈಯಿಂದ ಕೈಗೆ ದಾಟಿಸಿದೆ. ಅದೇ ಹೊತ್ತಿಗೆ ನಮ್ಮ ಪ್ರವಾಸಗಳನ್ನೆಲ್ಲ ಏರ್ಪಡಿಸುವ ಮಂಗಳೂರು ಕಡೆಯ ಇಂಜಿನಿಯರು, "ಯಾನ್ಬು ಬೀಚಿಗೆ ಬಸ್ಸು, ಬರುವವರು ಹೆಸರು ಕೊಡಿ" ಎಂದು ಕೂಗಿದರು. ಪ್ರವಾಸ ಎಂಬ ಮಾತು ಕಿವಿಗೆ ಬಿದ್ದರೆ ನನ್ನ ಕೈ ತಾನಾಗಿ ಪೆನ್ನು ಹುಡುಕುತ್ತದೆ. ತುಪ್ಪದನ್ನದ ತಟ್ಟೆ ಮೊಣಕಾಲ ಮೇಲಿಟ್ಟು, ಅವರ ಕೈಯ ಹಾಳೆಗಳನ್ನು ತೆಗೆದುಕೊಂಡು ಎಲ್ಲರಿಗಿಂತ ಮೊದಲು ಸಹಿ ಹಾಕಿಕೊಟ್ಟೆ.

ನನ್ನ ಅರ್ಜಿ ಹನ್ನೆರಡು ಸಹಿಯೊಂದಿಗೆ ಮರಳಿತು. ಮನೆಗೆ ಬಂದು ನೋಡಿದರೆ ಏಳನೆಯದರ ಮುಂದೆ, "ಎರಡು ಪೆಟ್ಟಿಗೆ, ಹಣ್ಣಾಗಿರಬಾರದು" ಎಂದಿದೆ. ಫೋನು ಮಾಡಿದೆ.

"ಅಣ್ಣ, ಅದು ಮಾವಿನಹಣ್ಣಿನ ಪಟ್ಟಿ ಅಲ್ಲ. ನಾನು ಚುನಾವಣೆಗೆ ನಿಲ್ಲುವುದು."

"ಹೌದಾ? ನಿಲ್ಲಿ, ನಿಲ್ಲಿ. ಹಾಗಾದರೆ ಮಾವಿನಹಣ್ಣಿನ ಪಟ್ಟಿಯಲ್ಲಿ ನಾನು ಯಾರಿಗೆ ಓಟು ಹಾಕಿದ್ದು?"

ಓದದೆ ಸಹಿ ಹಾಕುವ ಈ ಮನುಷ್ಯನ ಕತೆಯನ್ನು ಆ ವಾರ ಸಿಕ್ಕಸಿಕ್ಕವರಿಗೆಲ್ಲ ಹೇಳಿ ನಕ್ಕೆ.

೨. ಓಡಿಹೋದರೆ?

ಮೇಲಿನ ಮಹಡಿಯವರು ಪುತ್ತೂರಿನವರು. ಪೆನ್ನು ಹಿಡಿದವರು ಇಕಾಮಾ ನಂಬರಿನ ಜಾಗಕ್ಕೆ ಬಂದು ನಿಂತರು.

"ನಂಬರು ಯಾಕೆ? ನಾಳೆ ನೀವು ಓಡಿಹೋದರೆ ನನ್ನನ್ನು ಹಿಡಿಯುತ್ತಾರಾ?"

"ನಾನು ಎಲ್ಲಿಗೆ ಓಡುವುದು ಮಾರಾಯ್ರೇ?"

ಒಳಗಿಂದ ಅವರ ಹೆಂಡತಿ ಹೇಳಿದರು, "ಅವರು ಎಲ್ಲಿಗೆ ಓಡಲಿಲ್ಲ ಅಂತ ಕೇಳಿ. ಹೋದ ರಜೆಯಲ್ಲಿ ಜಾರ್ಜಿಯಾ. ಅದರ ಮೊದಲು ಜಾಂಜಿಬಾರ್."

"ಕಫೀಲನ ಹತ್ತಿರ ಒಂದು ಮಾತು ಕೇಳಿ ಹೇಳ್ತೇನೆ" ಎಂದರು ಅವರು; ಕಫೀಲ್ ಅಂದರೆ ಅವರನ್ನು ಇಲ್ಲಿ ಕೆಲಸಕ್ಕಿಟ್ಟು ವೀಸಾಕ್ಕೆ ಹೊಣೆಯಾದ ಸೌದಿ ಧಣಿ. ಮೂರು ದಿನ ಬಿಟ್ಟು ಸಹಿ ಬಂತು. ಕಫೀಲ್ ಏನಂದರು ಎಂದು ಕೇಳಿದೆ.

"ಅವರಿಗೆ ಅರ್ಥವೇ ಆಗಲಿಲ್ಲ. ಕಡೆಗೆ, ಯಲ್ಲಾ, ಆ ಹೆಂಗಸಿಗೆ ಬೇಕಾದದ್ದು ಕೊಟ್ಟು ಕಳಿಸು, ಕಡಿಮೆ ಬಿದ್ದರೆ ನಾನೂ ಒಂದು ಸಹಿ ಹಾಕ್ತೇನೆ ಅಂದರು."

೩. ಬರಿಗೈ

ಭಟ್ಕಳದ ಅಂಗಡಿ ಮಾಲೀಕರೊಬ್ಬರು ಶರಬತ್ತು ಕೊಟ್ಟು, ಖರ್ಜೂರ ಕೊಟ್ಟು, ಕೇಳುವ ಮೊದಲೇ ಸಹಿ ಹಾಕಿದರು. ಸಂತೋಷವಾಯಿತು. ಬಾಗಿಲಲ್ಲಿ ಚಪ್ಪಲಿ ಹಾಕುವಾಗ ಅನುಮಾನ ಬಂತು.

"ಬೇರೆ ಯಾರಿಗೂ ಹಾಕಲಿಲ್ಲ ಅಲ್ವಾ?"

"ನಿನ್ನೆ ಇಬ್ಬರು ಬಂದಿದ್ದರು, ಇಬ್ಬರಿಗೂ ಹಾಕಿದ್ದೇನೆ."

"ಹಾಗೆ ಹಾಕಿದರೆ ಮೂರೂ ರದ್ದು."

ಅವರಿಗೆ ಬಹಳ ಬೇಸರವಾಯಿತು. "ಮನೆಗೆ ಬಂದವರನ್ನು ಬರಿಗೈಯಲ್ಲಿ ಕಳಿಸುವುದು ಹೇಗಮ್ಮ?" ಎಂದು ಒಳಗೆ ಹೋಗಿ, ರದ್ದಾದ ಸಹಿಗೆ ಬದಲಾಗಿ ಒಂದು ಡಬ್ಬಿ ಹಲ್ವಾ ತಂದುಕೊಟ್ಟರು. ಉಳಿದಿಬ್ಬರಿಗೂ ಹಲ್ವಾ ಹೋಯಿತಂತೆ.

೪. ಕಿಟಕಿ ಬದಿ

ಕೊನೆಯ ದಿನ ಹೇಗೋ ಇಪ್ಪತ್ತು ತುಂಬಿತು. ಅರ್ಜಿಗಳ ಪರಿಶೀಲನೆಗೆ ಹೋದರೆ ಯಾನ್ಬು ಬಸ್ಸಿನ ಇಂಜಿನಿಯರೂ ಕೂತಿದ್ದಾರೆ. ಅವರೂ ಅಭ್ಯರ್ಥಿ ಎಂದು ಆಗಲೇ ತಿಳಿದದ್ದು. ಚುನಾವಣೆ ನೋಡಿಕೊಳ್ಳುವ ಮೇಷ್ಟ್ರು ನನ್ನ ಅರ್ಜಿಯನ್ನು ಬೆರಳಿಟ್ಟು ಎಣಿಸಿ ಸರಿ ಎಂದರು. ಅವರದ್ದನ್ನು ಎಣಿಸಲು ಹೊರಟವರು ಮೊದಲನೆಯದರಲ್ಲೇ ನಿಂತರು.

"ಮೇಡಂ, ಇದು ನಿಮ್ಮ ಸಹಿಯಾ?"

ನನ್ನದೇ. ಇಕಾಮಾ ನಂಬರು ಒಂದೂ ತಪ್ಪಿಲ್ಲ. ಚೆಕ್‌ಪೋಸ್ಟಿಗೆ ಬೇಕಾಗುತ್ತದಲ್ಲ ಎಂದು ಜಾಗ್ರತೆಯಿಂದ ಬರೆದಿದ್ದೆ. ಮಗುವಿನ ತರಗತಿ ನಾಲ್ಕು. ಅರ್ಧ ಟಿಕೆಟ್ಟಿಗಿರಬೇಕು ಎಂದುಕೊಂಡಿದ್ದೆ. ಮುಂದೆ ನನ್ನದೇ ಅಕ್ಷರದಲ್ಲಿ, "ಕಿಟಕಿ ಬದಿ ಸೀಟು ಬೇಕು." ಇದೇ ನಮೂನೆಯ ಅರ್ಜಿಯನ್ನು ಆವತ್ತು ನಾನೇ ಎಲ್ಲರ ಕೈಗೆ ದಾಟಿಸಿದ್ದೆ.

"ನೀವು ನಿಲ್ಲುವುದು ಬಿಟ್ಟು ನನಗೆ ಬೆಂಬಲ ಕೊಟ್ಟಿರಿ, ದೊಡ್ಡ ಮನಸ್ಸು ಅಂದುಕೊಂಡೆ ಅಕ್ಕ" ಎಂದರು ಇಂಜಿನಿಯರು. "ಕಿಟಕಿಯದ್ದು ಮಾತ್ರ ಗೊತ್ತಾಗಲಿಲ್ಲ. ಕಮಿಟಿ ಕೋಣೆಗೆ ಕಿಟಕಿಯೇ ಇಲ್ಲ."

ನಿಯಮ ನಿಯಮವೇ. ನನ್ನ ಅರ್ಜಿ ಅಲ್ಲಿಗೆ ಮುಗಿಯಿತು. ಆದರೆ ರಸ್ತೆಯಲ್ಲಿ ಆರು ಸಾಲು ವಾಹನ ಹಾಗೇ ಇತ್ತಲ್ಲ. ಅಲ್ಲೇ ಒಂದು ಹಾಳೆ ತೆಗೆದು, "ಗೆದ್ದರೆ ಮೊದಲ ಸಭೆಯಲ್ಲೇ ಶಾಲೆಯ ಬಸ್ಸನ್ನು ಗಲ್ಲಿಯ ಬಾಯಿಗೆ ತರಿಸುತ್ತೇನೆ" ಎಂದು ಬರೆದು ಅವರ ಮುಂದಿಟ್ಟೆ. ಅವರು ಕನ್ನಡಕ ಹಾಕಿ ಓದಿದರು. ಹಾಳೆ ತಿರುಗಿಸಿ ಹಿಂದೆಯೂ ಓದಿದರು. ಆಮೇಲೆ ಸಹಿ ಹಾಕಿದರು. ಒಂದು ತಿಂಗಳಲ್ಲಿ ಓದಿ ಸಹಿ ಹಾಕಿದ ಮನುಷ್ಯನನ್ನು ನಾನು ಕಂಡದ್ದು ಇವರೊಬ್ಬರನ್ನೇ. ಗೆದ್ದರು, ಬಸ್ಸನ್ನೂ ತರಿಸಿದರು. ಮಗಳು ಈಗ ಗಲ್ಲಿಯಲ್ಲೇ ಇಳಿಯುತ್ತಾಳೆ.

ಆ ದಿನ ಹೊರಡುವಾಗ, ನನಗೆ ಇಷ್ಟಾದರೂ ಉಳಿದಿದೆಯಲ್ಲ ಎಂದುಕೊಂಡು ಇಂಜಿನಿಯರನ್ನು ಕೇಳಿದೆ, "ಯಾನ್ಬು ಬಸ್ಸು ಯಾವಾಗ?"

"ಯಾನ್ಬು ಪಟ್ಟಿ ಆವತ್ತು ಈ ಅರ್ಜಿಯ ಕೆಳಗಿನ ಹಾಳೆಯಲ್ಲಿತ್ತು ಅಕ್ಕ. ಅದರಲ್ಲಿ ನಿಮ್ಮ ಹೆಸರು ಇರಲಿಲ್ಲ. ಬಸ್ಸು ನಿನ್ನೆ ಹೋಗಿ ಬಂತು."