ಪರದೆಯ ಮೇಲೆ ಇಬ್ಬರು ಹೈಡ್ರೂನ್

ನನ್ನದು ಕಣ್ಣು ತೆರೆದುಕೊಂಡೇ ಕನಸು ಕಾಣುವ ಜಾತಿ. ಜರ್ಮನಿಯ ಬೋಖುಮ್‌ನಲ್ಲಿ ಇಪ್ಪತ್ತೊಂಬತ್ತು ವರ್ಷ ಟ್ರಾಮ್ ಓಡಿಸುವಾಗ ಕೆಳಗೆ ಹಳಿ ಇತ್ತು, ಬಚಾವಾದೆ. ಈಗ ನಿವೃತ್ತಿ. ಹಳಿ ಇಲ್ಲ, ಹೆಂಡತಿ ಹೈಡ್ರೂನ್ ಇದ್ದಾಳೆ.

ನಮ್ಮ ಅಟ್ಟದ ಕೋಣೆಯಲ್ಲಿ ಒಂದು ಹಳೆಯ ಅಮಿಗಾ ಕಂಪ್ಯೂಟರ್ ಇದೆ. ತೊಂಬತ್ತೊಂದರಲ್ಲಿ ಇವಳನ್ನು ಒಲಿಸಿಕೊಳ್ಳಲು ಅದರಲ್ಲೇ ಒಂದು ರಾಗ ಕಟ್ಟಿದ್ದೆ. ಪ್ರತಿ ವಿವಾಹ ವಾರ್ಷಿಕೋತ್ಸವದಂದು ನೆಂಟರಿಷ್ಟರನ್ನು ಸಾಲಾಗಿ ಕೂರಿಸಿ ಆ ದಿವ್ಯ ನಾದವನ್ನು ಉಣಬಡಿಸುತ್ತೇನೆ. (ಬರೀ ಹನ್ನೊಂದು ನಿಮಿಷ.)

ಈ ವರ್ಷ ಅದರ ಹಾರ್ಡ್ ಡಿಸ್ಕ್ ಕರಕರ ಎನ್ನತೊಡಗಿತು. ರಾಗದ ಬೇರೆ ಪ್ರತಿ ಎಲ್ಲೂ ಇಲ್ಲ! ಹುಡುಕಾಡಿ ಇನ್ನೊಂದು ಡಿಸ್ಕ್ ತಂದೆ. ಅದನ್ನು ಮೂರು ಪಾಲು ಮಾಡಬೇಕು, ಪಾಲುಗಳನ್ನು ಫಾರ್ಮ್ಯಾಟ್ ಮಾಡಿ ಒರೆಸಿ ಶುಚಿಗೊಳಿಸಬೇಕು, ಆಮೇಲೆ ರಾಗವನ್ನು ಹೊಸ ಮನೆಗೆ ತುಂಬಿಸಿಕೊಳ್ಳಬೇಕು.

"ಫೋಲ್ಕ್‌ಮಾರ್, ಮನೇಲಿ ನಲ್ಲಿ ಸೋರ್ತಿದೆ. ನೀನು ಅಲ್ಲೇನು ಮಾಡ್ತಿದ್ದೀಯ?" ಕೆಳಗಿನಿಂದ ಹೈಡ್ರೂನ್ ಕೂಗಿದಳು.

"ಆಸ್ತಿ ಪಾಲು ಮಾಡ್ತಿದ್ದೀನಿ!"

"ಯಾವ ಆಸ್ತಿ ಮಾರಾಯ?"

ಹಳೆಯ ಡಿಸ್ಕ್‌ನಲ್ಲಿ ರಾಗವಿದ್ದ ಪಾಲಿಗೆ 'ಹೈಡ್ರೂನ್' ಎಂದೇ ಹೆಸರು. ಹೊಸದರಲ್ಲಿ ಅದಕ್ಕೆಂದು ಮಾಡಿದ ಪಾಲಿಗೂ ಪ್ರೀತಿ ಉಕ್ಕಿ ಅದೇ ಹೆಸರಿಟ್ಟೆ. ಫಾರ್ಮ್ಯಾಟ್ ಅರ್ಧದಲ್ಲೇನೋ ಎಡವಿದಂತಾಯಿತು. ಇನ್ನೊಮ್ಮೆ ಮಾಡೋಣವೆಂದು ನೋಡಿದರೆ ಪರದೆಯ ಮೇಲೆ ಇಬ್ಬರು ಹೈಡ್ರೂನ್. (ಒಬ್ಬಳನ್ನೇ ಸಂಭಾಳಿಸಲಾಗದವನು ನಾನು.)

ಭಾನುವಾರದ ಮಧ್ಯಾಹ್ನ. ಕಿಟಕಿಯಿಂದ ಲಿಂಡನ್ ಹೂವಿನ ಘಮ, ಬೆಚ್ಚಗಿನ ಬಿಸಿಲು. ಇಬ್ಬರಲ್ಲಿ ಒಬ್ಬಳನ್ನು ಆರಿಸಿ ಗುಂಡಿ ಒತ್ತಿದೆ. 'ಎಲ್ಲವೂ ಅಳಿಸಿಹೋಗುತ್ತದೆ, ಸರಿಯೇ?' ಎಂದು ಕಂಪ್ಯೂಟರ್ ಕೇಳಿತು. ಸರಿ ಎಂದೆ. 'ಖಂಡಿತವೇ?' ಖಂಡಿತ ಎಂದೆ. ಅಂಕಿಗಳು ಒಂದೊಂದಾಗಿ ಏರತೊಡಗಿದವು. ಅವುಗಳ ಜೊತೆ ನನ್ನ ಟ್ರಾಮೂ ಮೆಲ್ಲಗೆ ಹಳಿ ಬಿಟ್ಟು ಮೇಲೆದ್ದು, ಚಿಮಣಿಗಳನ್ನು ದಾಟಿ ಮೋಡದೊಳಗೆ ತೇಲಿತು. ಪ್ರಯಾಣಿಕರೆಲ್ಲ ನನ್ನ ರಾಗ ಕೇಳುತ್ತಾ ಕಣ್ಣೊರೆಸಿಕೊಳ್ಳುತ್ತಿದ್ದರು. ಹಿನ್ನೆಲೆಯಲ್ಲಿ ಹಿತವಾಗಿ ಕರಕರ, ಕರಕರ...

ಕರಕರ? ಹೊಸ ಡಿಸ್ಕ್ ಕರಕರ ಎನ್ನುವುದಿಲ್ಲವಲ್ಲ!

ಎದ್ದು ಕೂರುವಷ್ಟರಲ್ಲಿ ಅಂಕಿ ನೂರು ಮುಟ್ಟಿತ್ತು.

ಕೆಳಗಿಳಿದು ಎಲ್ಲ ಒಪ್ಪಿಕೊಂಡೆ. ಹೈಡ್ರೂನ್ ಮೆಟ್ಟಿಲ ಮೇಲೆ ಕುಸಿದು ಕೂತಳು.

"ಪೂರ್ತಿ ಹೋಯ್ತಾ?"

"ಪೂರ್ತಿ."

"ವಾಪಸ್ ತರೋಕಾಗಲ್ವಾ?"

"ಇಲ್ಲ ಕಣೇ."

ಏಪ್ರನ್‌ನಿಂದ ಮುಖ ಮುಚ್ಚಿಕೊಂಡಳು. ಭುಜ ಅಲುಗುತ್ತಿತ್ತು. ನನ್ನ ಕಣ್ಣಲ್ಲೂ ನೀರು ಬಂತು. ಅಷ್ಟರಲ್ಲಿ ಅವಳು ಎದ್ದು ಓಡಿ ಅಕ್ಕನಿಗೆ ಫೋನ್ ಮಾಡಿದಳು. "ಆನೆಗ್ರೆಟ್, ಈ ಸಲ ವಾರ್ಷಿಕೋತ್ಸವಕ್ಕೆ ಎಲ್ಲರೂ ಬನ್ನಿ. ಹೌದು, ಹೋಯ್ತು! ದೇವರಾಣೆ, ಪೂರ್ತಿ ಹೋಯ್ತು! ಭಾವನಿಗೂ ಹೇಳು, ಪ್ರತಿ ವರ್ಷದ ಹಾಗೆ ಬೆನ್ನುನೋವು ಬರಿಸ್ಕೊಳ್ಳೋದು ಬೇಡ."

ನಾನು ಗೋಡೆ ಹಿಡಿದುಕೊಂಡೆ. "ಹೈಡ್ರೂನ್, ಆ ರಾಗ ಕೇಳಿ ತಾನೇ ನೀನು ನನ್ನನ್ನ ಒಪ್ಪಿದ್ದು?"

"ಹೌದು," ಎಂದು ನನ್ನ ಕೆನ್ನೆ ಸವರಿದಳು. "ಒಪ್ಕೊಂಡ್ರೆ ನಿಲ್ಲಿಸ್ತೀಯ ಅಂದ್ಕೊಂಡಿದ್ದೆ."