ಉಳಿದ ಉಲ್ಲನ್

ಚೀನಾದವರು ಹಿಂದಕ್ಕೆ ಹೋದರು, ಉಲ್ಲನ್ ಮಾತ್ರ ಹೋಗಲಿಲ್ಲ. ಗುಣಪಾಲ ಶೆಟ್ಟರ ಕಷ್ಟ ಶುರುವಾದದ್ದು ಅಲ್ಲಿಂದ.

ಯುದ್ಧದ ವರ್ಷ ಹಿಮದಲ್ಲಿ ನಿಂತ ಜವಾನರಿಗೆ ಸ್ವೆಟರ್ ಹೆಣೆದು ಕಳಿಸಬೇಕೆಂದು ಕುಂದಾಪುರದ ಮಹಿಳಾ ಮಂಡಲಿಯಲ್ಲಿ ತೀರ್ಮಾನವಾಯಿತು. ಗೋಣಿಗೋಣಿ ಉಲ್ಲನ್ ಉಂಡೆಗಳು ಬಂದಿಳಿದವು. ವರ್ಷದ ಮುಕ್ಕಾಲು ದಿನ ಬೈರಾಸಿನಲ್ಲಿ ಬೆವರೊರೆಸಿಕೊಳ್ಳುವ ಊರದು. ಅಲ್ಲಿನ ಹೆಂಗಸರು ಉಲ್ಲನ್ ಮುಟ್ಟಿದ್ದೇ ಆಗ. ಶೆಟ್ಟರ ಹೆಂಡತಿ ಕುಸುಮಾವತಿ ಅಂದು ಕೈಗೆತ್ತಿಕೊಂಡ ಕಡ್ಡಿಗಳನ್ನು ಮತ್ತೆ ಕೆಳಗಿಡಲಿಲ್ಲ. ಯುದ್ಧ ಮುಗಿಯಿತು. ಜವಾನರಿಗೆ ಆಗದೆಂದು ಬದಿಗಿಟ್ಟ ಗುಲಾಬಿ, ಅರಸಿನ, ನೇರಳೆ ಬಣ್ಣದ ಉಂಡೆಗಳನ್ನು ಏನು ಮಾಡುವುದೆಂದು ಉಳಿದವರು ಯೋಚಿಸುತ್ತಿರುವಾಗಲೇ ಆಕೆ ಅಷ್ಟನ್ನೂ ಮನೆಗೆ ತಂದಾಗಿತ್ತು.

ಅಂದಿನಿಂದ ಆ ಮನೆಯಲ್ಲಿ ಬರಿಮೈಯಲ್ಲಿದ್ದ ವಸ್ತುವೇ ಇಲ್ಲ. ರೇಡಿಯೋಗೆ ಅಂಗಿ, ನೀರಿನ ಹೂಜಿಗೆ ಕುಲಾಯಿ, ಟಾರ್ಚಿಗೆ ಕಾಲುಚೀಲ, ಕೊಡೆಯ ಹಿಡಿಗೆ ಮಫ್ಲರು. ನೆಂಟರಿಷ್ಟರ ಮದುವೆಯಿರಲಿ, ಮನೆ ಒಕ್ಕಲಿರಲಿ, ಉಡುಗೊರೆ ಉಲ್ಲನ್ನಿನದೇ. ತೆಗೆದುಕೊಂಡವರು "ಲಾಯ್ಕ್ ಇತ್ತ್" ಎಂದು ಬಾಯಿತುಂಬ ಹೊಗಳಿ, ಬೆವರೊರೆಸಿಕೊಂಡು ಪೆಟ್ಟಿಗೆಯ ತಳಕ್ಕೆ ಹಾಕುತ್ತಿದ್ದರು. ತಾನು ಹೆಣೆದದ್ದನ್ನು ಒಬ್ಬರಾದರೂ ತೊಟ್ಟದ್ದನ್ನು ಕುಸುಮಾವತಿ ನೋಡಿರಲಿಲ್ಲ. ಬಾಯಿಬಿಟ್ಟು ಹೇಳದಿದ್ದರೂ ಆಕೆಗೆ ಅದು ಬೇಸರವೇ.

ಶೆಟ್ಟರ ಬೇಸರ ಬೇರೆ. ಬ್ಯಾಂಕಿನ ಗುಮಾಸ್ತಿಕೆಯಲ್ಲಿ ಊರೂರು ಸುತ್ತಿ ಸುಸ್ತಾಗಿ ಅವರು ಕೊನೆಗೆ ಕುಂದಾಪುರದ ಶಾಖೆಗೆ ಬಂದು ಬಿದ್ದಿದ್ದರು. ಮಧ್ಯಾಹ್ನ ಮನೆಗೆ ನಡೆದು ಬಂದು, ಬಂಗಡೆ ಸಾರಿನಲ್ಲಿ ಕುಚ್ಚಲಕ್ಕಿ ಅನ್ನ ಕಲಸಿಕೊಂಡು ಉಂಡು ಮತ್ತೆ ಬ್ಯಾಂಕಿಗೆ ಹೋಗುವುದು. ಇದಕ್ಕಿಂತ ದೊಡ್ಡದೇನೂ ಅವರಿಗೆ ಬೇಕಿರಲಿಲ್ಲ. ಅಷ್ಟರಲ್ಲಿ ಬ್ಯಾಂಕಿನವರು ಮಡಿಕೇರಿಯಲ್ಲಿ ಹೊಸ ಶಾಖೆ ತೆರೆಯಲು ಹೊರಟರು. ಕುಂದಾಪುರದಿಂದ ಒಬ್ಬರು ಹೋಗಬೇಕು; ಒಂದೋ ಗುಣಪಾಲ ಶೆಟ್ಟರು, ಇಲ್ಲವೇ ಪಕ್ಕದ ಮೇಜಿನ ಶೇಖರ. ಆಷಾಢದ ಗಾಳಿಗೇ ವಾರಗಟ್ಟಲೆ ಕೆಮ್ಮುವ ಶೆಟ್ಟರಿಗೆ ಮಡಿಕೇರಿಯೆಂದರೆ ಚಳಿ, ಮಂಜು, ಮೀನಿಲ್ಲದ ಊಟ.

ಹೆಸರು ತೀರ್ಮಾನಿಸುವವರು ಹೆಡ್ಡಾಫೀಸಿನ ಪ್ರೇಮಾನಂದ ಹೆಗ್ಡೆಯವರು. ಅವರ ಮೊಮ್ಮಗುವನ್ನು ತೊಟ್ಟಿಲಿಗೆ ಹಾಕುವ ಶಾಸ್ತ್ರ ಆ ಭಾನುವಾರ ಬ್ರಹ್ಮಾವರದ ಮನೆಯಲ್ಲಿತ್ತು. ಹೋಗುವುದು, ಮಗುವಿಗೆ ಏನಾದರೂ ಕೊಡುವುದು, ಹೆಗ್ಡೆಯವರ ಕಿವಿಗೆ ಒಂದು ಮಾತು ಹಾಕುವುದು ಎಂದು ಶೆಟ್ಟರು ಲೆಕ್ಕ ಹಾಕಿದರು. ಏನಾದರೂ ಎಂದರೆ ಏನೆಂಬುದನ್ನು ಹೆಂಡತಿಗೆ ಬಿಟ್ಟದ್ದೇ ತಪ್ಪಾಯಿತು.

ಭಾನುವಾರ ಬೆಳಿಗ್ಗೆ ಜಗಲಿಯಲ್ಲಿ ಬಿಡಿಸಿಟ್ಟ ಹೊದಿಕೆಯನ್ನು ಕಂಡು ಶೆಟ್ಟರು ಕುಳಿತೇಬಿಟ್ಟರು. ತುಂಡು ಉಲ್ಲನ್‌ಗಳನ್ನೆಲ್ಲ ಚೌಕಚೌಕವಾಗಿ ಹೆಣೆದು ಜೋಡಿಸಿದ ಅದು ಈ ಗೋಡೆಯಿಂದ ಆ ಗೋಡೆಯವರೆಗೆ ಹಬ್ಬಿತ್ತು.

"ಇದ್ ಮಗುವಿಗಾ?"

"ಮಗು ದೊಡ್ಡ ಆಪುದಿಲ್ಯಾ? ಸಣ್ಣದ್ ಮಾಡ್ರೆ ನಾಕ್ ದಿನಕ್ಕೆ ಕಾಲ್ ಹೊರ್ಗ್ ಬತ್ತ್. ಇದಾರೆ ಅದ್ರ ಮದಿ ವರೆಗೂ ಬತ್ತ್."

"ಕಾಗ್ದ ಆರೂ ಸುತ್ತಿ ಕೊಡ್ ಮಾರಾಯ್ತಿ."

"ಕಾಗ್ದ ಸುತ್ರೆ ಬಣ್ಣ ಕಾಣುದ್ ಹ್ಯಾಂಗೆ? ಹಾಂಗೇ ಹಿಡ್ಕಣಿ. ಬೇಗ ಬನ್ನಿ, ಬಂಗ್ಡೆ ಸಾರ್ ಮಾಡಿಡ್ತೆ."

ಬಂಗಡೆಯ ಮಾತು ಕೇಳಿ ಶೆಟ್ಟರು ಒಪ್ಪಿಕೊಂಡರು. ಹೊದಿಕೆಯನ್ನು ಸುರುಳಿ ಸುತ್ತಿ ಹೆಗಲಿಗೇರಿಸಿ ರಸ್ತೆಗಿಳಿದರು. ಮೇ ತಿಂಗಳ ಬಿಸಿಲು. ಮಳೆಗಾಲದ ಗದ್ದೆ ಕೆಲಸದ ಹೊತ್ತು ಬಿಟ್ಟರೆ ಆ ಕಡೆ ಕಂಬಳಿ ಹೊತ್ತವನನ್ನು ಕಂಡರೆ ಜನ ಕೇಳುವ ಪ್ರಶ್ನೆ ಒಂದೇ. ಅದನ್ನು ಮೊದಲು ಕೇಳಿದವರು ಪಕ್ಕದ ಮನೆಯ ಮುದುಕಿ ಅಕ್ಕು.

"ಹ್ವಾಯ್ ಗುಣಪಾಲ, ಘಟ್ಟಕ್ಕೆ ವರ್ಗ ಆಯ್ತಾ ಮಗಾ?"

"ಇಲ್ಲ ದೊಡ್ಡಮ್ಮ. ಬ್ರಹ್ಮಾವರಕ್ಕೆ ಹೋಪುದ್. ಒಂದ್ ತೊಟ್ಲ್ ಶಾಸ್ತ್ರ ಇತ್ತ್."

"ಬ್ರಹ್ಮಾವರದಗೆ ಕಂಬ್ಳಿ ಹೊದು ಚಳಿ ಯಾವತ್ತಿಂದ ಶುರು ಆಯ್ತ್?"

"ಇದ್ ಶಿಶುವಿಗೆ."

ಅಕ್ಕು ಸುರುಳಿಯನ್ನು ಕೈಯಿಂದ ಒತ್ತಿ ನೋಡಿದರು. "ಶಿಶುವಿಗಾ? ಇದನ್ನ್ ಕೋಣಕ್ಕೆ ಹೊದ್ಸ್ಲಕ್ಕ್. ಹೇಳೂಕ್ ಮನ್ಸಿಲ್ದಿರೆ ಬ್ಯಾಡ ಮಗಾ. ವರ್ಗ ಆರೆ ಅದ್ರಗೆ ನಾಚ್ಕಿ ಎಂತ?"

ಇನ್ನು ನಿಂತರೆ ಬಸ್ಸು ತಪ್ಪುತ್ತದೆಂದು ಶೆಟ್ಟರು ಮುಂದೆ ನಡೆದರು. ಅವರು ತಿರುವು ದಾಟುವ ಮೊದಲೇ ಅಕ್ಕು, ಮೀನು ಮಾರುವ ಜಲಜಳನ್ನು ಬೇಲಿಯ ಹತ್ತಿರ ನಿಲ್ಲಿಸಿಕೊಂಡಿದ್ದರು.

ಬಸ್ಸಿನಲ್ಲಿ ಸುರುಳಿಯನ್ನು ತೊಡೆಯ ಮೇಲೆ ಇಟ್ಟುಕೊಂಡರೆ ಶೆಟ್ಟರ ಕಣ್ಣು ಮಾತ್ರ ಹೊರಗೆ ಕಾಣುತ್ತಿತ್ತು. ಕಂಡಕ್ಟರ್ ಸುರುಳಿ ನೋಡಿ ಟಿಕೇಟು ಹರಿಯುತ್ತ, "ಮಡಿಕೇರಿಗಾರೆ ಮಂಗ್ಳೂರಗೆ ಬಸ್ ಬದ್ಲಿಸ್ಕ್" ಎಂದು ಕೇಳದೆಯೇ ಉಪಕಾರ ಮಾಡಿದ. "ಬ್ರಹ್ಮಾವರ" ಎಂದು ಶೆಟ್ಟರು ಹೊದಿಕೆಯೊಳಗಿಂದಲೇ ಹೇಳಿದರು.

ಅಷ್ಟರಲ್ಲಿ ಜಲಜ ಬುಟ್ಟಿ ಸಮೇತ ಹತ್ತಿದಳು. ಅವಳಿಗೆ ಜಾಗ ಬಿಡಲು ಶೆಟ್ಟರು ಎದ್ದದ್ದೇ ತಡ, ಹೊದಿಕೆಯ ಮೂಲೆ ಸೀಟಿನ ಮುರಿದ ತಗಡಿಗೆ ಸಿಕ್ಕಿಕೊಂಡಿತು. ಬಸ್ಸು ಕುಲುಕಿತು. ಗುಲಾಬಿ ಚೌಕವೊಂದು ಸರಸರ ಬಿಚ್ಚಿಕೊಂಡು ಬರೀ ನೂಲಾಗಿ ಕಾಲಡಿ ಬಿತ್ತು.

"ಅಯ್ಯೋ ದೇವರೇ" ಎಂದು ಶೆಟ್ಟರು ತೂತಿನೊಳಗೆ ಕೈ ತೂರಿಸಿ ನೋಡಿದರು.

"ನೀವ್ ಹೆದ್ರ್‌ಬೇಡಿ ಶೆಟ್ರೆ, ಇತ್ತ ಕೊಡಿ," ಎಂದು ಜಲಜ ಸೊಂಟದ ಸಂಚಿಯಿಂದ ಬಲೆಯ ನೂಲು ತೆಗೆದಳು. ಬುಟ್ಟಿ ಮುಟ್ಟಿದ ಕೈಯಲ್ಲೇ ಎಳೆದು ಎಳೆದು ಗಂಟು ಹಾಕಿದಳು. "ಬಲಿ ತುಂಡಾರೆ ನಾವ್ ಹೀಂಗೇ ಕಟ್ಟುದ್. ಇನ್ನ್ ತಿಮಿಂಗ್ಲ ಬಿದ್ರೂ ಹರೂದಿಲ್ಲ."

ತಿಮಿಂಗಿಲ ಬೀಳುವ ಭಯ ಶೆಟ್ಟರಿಗೆ ಇರಲಿಲ್ಲ. ಹೊಸ ಹೊದಿಕೆಯ ಮೂಲೆಯಲ್ಲಿ ಕಪ್ಪು ಬಲೆ, ಅದಕ್ಕೆ ಬಂಗಡೆಯ ವಾಸನೆ. ಹತ್ತು ಮಳೆಗಾಲ ಕಂಡ ಕಂಬಳಿಯ ಹಾಗೆ ಕಾಣುತ್ತಿತ್ತು. ಉಪಕಾರ ಮಾಡಿದವಳನ್ನು ಬೈಯುವ ಹಾಗೂ ಇಲ್ಲ.

"ಅಕ್ಕು ಅಮ್ಮ ಹೇಳ್ರ್, ನಿಮ್ಗ್ ಘಟ್ಟಕ್ಕೆ ಆಯ್ತಂಬ್ರಲೆ. ಪಾಪ, ಅಲ್ಲಿ ಮೀನ್ ಸಿಕ್ಕುದಿಲ್ಲ," ಎಂದು ಜಲಜ ನಿಜವಾಗಿಯೂ ಮರುಗಿದಳು. ಒಳ್ಳೆಯ ಗಿರಾಕಿ ಕೈತಪ್ಪುವ ಸಂಕಟವೂ ಅದರಲ್ಲಿತ್ತು.

"ಆಯ್ಲಿಲ್ಲ ಜಲಜಾ. ಯಾರಿಗೂ ಹೇಳ್‌ಬೇಡ."

"ನಾನ್ ಯಾರಿಗ್ ಹೇಳ್ಲಿ?" ಎಂದಳು ಜಲಜ.

ಕುಂಭಾಶಿ ಬಂತು. ಆನೆಗುಡ್ಡೆ ದೇವಸ್ಥಾನದ ದಿಕ್ಕಿಗೆ ತಿರುಗಿ ಶೆಟ್ಟರು ಸುರುಳಿಯ ಮೇಲಿಂದಲೇ ಕೈಮುಗಿದರು. ಗಣಪತಿಯಪ್ಪಾ, ನನ್ನನ್ನು ಕುಂದಾಪುರದಲ್ಲೇ ಉಳಿಸು ಎಂದು ಮನಸಾರೆ ಬೇಡಿಕೊಂಡರು. ಕಣ್ಣು ಬಿಟ್ಟರೆ ಎದುರಿಗೆ ಶೇಖರ. ಹಣೆಯಲ್ಲಿ ಗಂಧ, ಕೈಯಲ್ಲಿ ಬಾಳೆಲೆಯ ಪ್ರಸಾದ. ಅವನೂ ಇಂಥದೇ ಬೇಡಿಕೆ ಸಲ್ಲಿಸಿ, ಹೆಗ್ಡೆಯವರ ಮನೆಗೇ ಹೊರಟಿದ್ದ.

"ಇದೆಂತ ಗುಣಪಾಲಣ್ಣ, ಕಂಬ್ಳಿ?"

ಶೆಟ್ಟರು ಬಾಯಿ ತೆರೆಯುವ ಮೊದಲೇ ಜಲಜ ಹೇಳಿದಳು: "ಶೆಟ್ರ್ ಘಟ್ಟಕ್ಕೆ ಹೋತ್ರಂಬ್ರ್. ನೀವ್ ಯಾರಿಗೂ ಹೇಳ್‌ಬೇಡಿ."

ಶೇಖರನ ಮುಖ ದೀಪ ಹಚ್ಚಿದ ಹಾಗಾಯಿತು. ಶೆಟ್ಟರ ಎರಡೂ ಕೈ ಹಿಡಿದುಕೊಂಡ. "ನೀವೇ ಒಪ್ಕಂಡ್ರ್ಯಾ? ನನ್ ಹೆಂಡ್ತಿ ದಿನ ತುಂಬ್ದ ಬಸ್ರಿ ಕಾಣಿ. ಹ್ಯಾಂಗಪ್ಪಾ ಬಿಟ್ಟ್ ಹೋಪುದ್ ಅಂದೇಳಿ ನಿದ್ರಿ ಇಲ್ಲ. ನಿಮ್ ಉಪ್ಕಾರ ಸಾಯೂವರಿಗೆ ಮರೂದಿಲ್ಲ. ಬಾಯ್ ತೆಗಿನಿ."

ತೆರೆದ ಬಾಯಿಗೆ ಒಂದು ಹಿಡಿ ಪಂಚಕಜ್ಜಾಯ ಬಿತ್ತು. ಕಡಲೆಹುಡಿ, ಕಾಯಿತುರಿ, ಬೆಲ್ಲ ಬಾಯಿತುಂಬ ಇರುವಾಗ 'ಇಲ್ಲ' ಎನ್ನುವುದು ಸುಲಭವಲ್ಲ. ಶೆಟ್ಟರು ಹೇಳಹೊರಟರು, ಮುಂದಿನ ಸೀಟಿನವರ ಕುತ್ತಿಗೆಯ ಮೇಲೆ ಹುಡಿ ಉದುರಿತು. ಕೆಮ್ಮು ಹತ್ತಿತು. ಕೆಮ್ಮಿನ ನಡುವೆ ತಲೆ ಕುಲುಕಿತು. ಶೇಖರ ಅದನ್ನೇ ಒಪ್ಪಿಗೆಯೆಂದು ತಿಳಿದು ಕಣ್ಣೊರೆಸಿಕೊಂಡ. ಕೋಟ ದಾಟುವಾಗ ಶೆಟ್ಟರು ನಿಜ ಹೇಳಲು ಮತ್ತೊಮ್ಮೆ ಹೊರಟರು. ಆ ಹೊತ್ತಿಗೆ ಬಸರಿ ಹೆಂಡತಿಯ ಕತೆ ಕೇಳಿ ಇಡೀ ಬಸ್ಸು ಶೆಟ್ಟರನ್ನು ಪ್ರೀತಿಯಿಂದ ನೋಡುತ್ತಿತ್ತು. ಹೆಗ್ಡೆಯವರೆದುರು ಒಂದು ಮಾತು ಹೇಳಿದರೆ ಸರಿಹೋಗುತ್ತದೆಂದು ಸಮಾಧಾನ ಮಾಡಿಕೊಂಡರು.

ಬ್ರಹ್ಮಾವರದಲ್ಲಿ ಇಳಿದವರೇ, ಮೀನಿನ ವಾಸನೆ ತೊಳೆಯದೆ ಹೋಗುವುದು ಹೇಗೆಂದು ಶೆಟ್ಟರು ಹೋಟೆಲೊಂದರ ಹಿಂದೆ ನೀರಿನ ತೊಟ್ಟಿಗೆ ಹೋದರು. ಉಲ್ಲನ್ ನೀರು ಕುಡಿಯಿತು, ವಾಸನೆ ಬಿಡಲಿಲ್ಲ. "ನಾ ಮುಂದ್ ಹೋತೆ" ಎಂದು ಶೇಖರ ಓಡಿದ್ದ.

ಹೆಗ್ಡೆಯವರ ಚಪ್ಪರಕ್ಕೆ ಶೆಟ್ಟರು ಕಾಲಿಟ್ಟಾಗ ಬ್ಯಾಂಕಿನ ಮಂದಿಯೆಲ್ಲ ಎದ್ದು ನಿಂತರು. ಹೆಗ್ಡೆಯವರೇ ಬಂದು ಹೆಗಲ ಮೇಲೆ ಕೈಯಿಟ್ಟರು.

"ಬನ್ನಿ ಶೆಟ್ರೇ. ಶೇಖರ ಎಲ್ಲ ಹೇಳಿದ. ವರ್ಗ ಬೇಡವೆಂದು ಕಾಲು ಹಿಡಿಯಲು ಬರುವವರನ್ನು ನಾನು ದಿನಾ ನೋಡುತ್ತೇನೆ. ಕಂಬಳಿ ಹಿಡಿದುಕೊಂಡು ಬಂದವರು ನೀವೊಬ್ಬರೇ."

"ಅದಲ್ಲ ಸರ್, ಇದು ಮಗುವಿಗೆ..."

ಹೆಗ್ಡೆಯವರು ಒದ್ದೆ ಮೂಲೆಯನ್ನು ಹಿಡಿದು ನೋಡಿದರು. ಬಲೆಯ ಗಂಟಿನ ಮೇಲೆ ಬೆರಳಾಡಿಸಿದರು. ಅವರ ದನಿ ಮೆತ್ತಗಾಯಿತು. "ನೀವು ಹೊದೆಯುವುದನ್ನೇ ಮಗುವಿಗೆ ಕೊಡುವಷ್ಟು ದೊಡ್ಡ ಮನಸ್ಸು ನಿಮ್ಮದು. ಆದರೆ ಅಷ್ಟು ಚಳಿಗೆ ಹೋಗುವವರ ಕಂಬಳಿ ತೆಗೆದುಕೊಂಡರೆ ನನಗೆ ಪಾಪ ಬರುತ್ತದೆ. ನಿಮ್ಮ ಕೈಯಲ್ಲೇ ಇರಲಿ."

ಮತ್ತೆ ಶೆಟ್ಟರ ಕಿವಿಯ ಹತ್ತಿರ ಬಗ್ಗಿ ಹೇಳಿದರು. "ನಿಮಗೊಬ್ಬರಿಗೇ ಹೇಳುತ್ತೇನೆ. ನಿಮ್ಮ ಕೆಮ್ಮು ನೋಡಿ ನಿಮ್ಮನ್ನು ಕುಂದಾಪುರದಲ್ಲೇ ಬಿಡುವುದೆಂದು ನಿನ್ನೆಯೇ ತೀರ್ಮಾನವಾಗಿತ್ತು. ಶೇಖರನನ್ನು ಕಳಿಸುವುದಿತ್ತು. ಈಗ ನೀವೇ ಬಯಸಿ ಬಂದ ಮೇಲೆ ನಾನು ತಡೆಯುವವನಲ್ಲ."

ಶೆಟ್ಟರು ಅತ್ತ ನೋಡಿದರು. ಶೇಖರ ಕಂಬಕ್ಕೆ ಒರಗಿ ನಿಂತು ಚಿಕ್ಕ ಮಗುವಿನ ಹಾಗೆ ನಗುತ್ತಿದ್ದ. ಶೆಟ್ಟರು ಹೊದಿಕೆಯನ್ನು ಮತ್ತೆ ಹೆಗಲಿಗೇರಿಸಿಕೊಂಡರು. ಮನೆಯಲ್ಲಿ ಕಾಲು ಚಾಚಿ ಮಲಗಿದ್ದರೂ ಆಗುತ್ತಿದ್ದ ಕೆಲಸವನ್ನು ಬಸ್ಸು ಹಿಡಿದು ಬಂದು ಕೆಡಿಸಿಕೊಂಡಾಯಿತು. ತೊಟ್ಟಿಲಿನ ಮಗು ಬರಿಮೈಯಲ್ಲಿ, ಬೀಸಣಿಗೆಯ ಗಾಳಿಯಲ್ಲಿ ಸುಖವಾಗಿ ಮಲಗಿತ್ತು.

ಹೋಳಿಗೆ ಊಟ ರುಚಿಸಲಿಲ್ಲ. ಸಂಜೆ ಹೊತ್ತಿಗೆ ಅದೇ ಸುರುಳಿ ಹೊತ್ತು ಮನೆಗೆ ಬಂದರೆ ಕುಸುಮಾವತಿ ಜಗಲಿಯಲ್ಲೇ ಕುಳಿತಿದ್ದರು. ಸುದ್ದಿ ಅಕ್ಕುವಿನ ಬಾಯಿಂದ ಬೆಳಿಗ್ಗೆಯೇ ಮುಟ್ಟಿತ್ತು.

"ಹೌದನಾ?" ಎಂದು ಮಾತ್ರ ಕೇಳಿದರು.

"ಬೆಳಿಗ್ಗೆ ಸುಳ್ಳಾಯಿತ್ತ್. ಈಗ ಹೌದ್," ಎಂದರು ಶೆಟ್ಟರು. ನಡೆದದ್ದನ್ನೆಲ್ಲ ಹೇಳಿದರು.

ಕುಸುಮಾವತಿ ಸೆರಗಿನಿಂದ ಕಣ್ಣೊರೆಸಿಕೊಂಡರು. ತಮ್ಮ ದುಃಖ ಸಾಲದೆಂಬಂತೆ ಶೆಟ್ಟರು ಅವರನ್ನೂ ಸಮಾಧಾನ ಮಾಡಲು ಕೂತರು. "ಅಳ್‌ಬೇಡ. ಹ್ಯಾಂಗಾರೂ ಎರಡ್ ವರ್ಷ ಕಳುವ."

"ನಾ ಅಳುದಲ್ಲ. ಹೋದ್ ಸಂಕಷ್ಟಿ ದಿನ ಆನೆಗುಡ್ಡೆಯಗೆ ಹರ್ಕಿ ಹೇಳ್ಕಂಡಿದ್ದೆ."

"ನಾವ್ ಇಲ್ಲೇ ಉಳೀಕಂದಾ?"

"ಅಲ್ಲ. ಎಲ್ಲಾರೂ ಚಳಿ ಇಪ್ಪ ಊರಿಗೆ ಹಾಕ್ಸು ಅಂದೇಳಿ." ಕುಸುಮಾವತಿ ಸುರುಳಿಯ ಮೇಲೆ ಕೈಯಾಡಿಸಿದರು. "ಇಷ್ಟ್ ವರ್ಷ ಹೆಣ್ದೆ. ಈ ಊರಗೆ ನಾ ಮಾಡಿದ್ದನ್ನ್ ಒಬ್ರಾರೂ ಮೈಮೇಲ್ ಹಾಕ್ಕಂಡದ್ದ್ ನೀವ್ ಕಂಡಿದ್ರ್ಯಾ?"

ಶೆಟ್ಟರು ಕಂಡಿರಲಿಲ್ಲ. ಅಂಗಿ ತೊಟ್ಟದ್ದು ರೇಡಿಯೋ ಒಂದೇ. ಮೆಲ್ಲಗೆ, "ನಾನೂ ಇವತ್ತ್ ಬಸ್ಸಗೆ ಕೈಮುಗ್ದಿದ್ದೆ, ಇಲ್ಲೇ ಉಳಿಸು ಅಂದೇಳಿ" ಎಂದರು.

"ನಾ ಮುಂಚೆ ಹೇಳ್ಕಂಡದ್ದಲ್ದಾ?"

ಕೌಂಟರಿನಲ್ಲಿ ಮೊದಲು ಬಂದವರ ಕೆಲಸ ಮೊದಲು ಎಂದು ದಿನಾ ಜನರಿಗೆ ಹೇಳುವವರು ಶೆಟ್ಟರೇ. ದೇವರನ್ನು ದೂರುವಂತಿರಲಿಲ್ಲ.

"ಬಂಗ್ಡೆ ಸಾರ್ ಇತ್ತಾ?"

"ಅಕ್ಕು ದೊಡ್ಡಮ್ಮನಿಗೆ ಕೊಟ್ಟೆ. ಹರ್ಕಿ ಕೈಗೂಡ್ದ್ ಮೇಲೆ, ತೀರ್ಸೂವರಿಗೆ ಮನಿಯಗೆ ಮೀನ್ ಮಾಡೂಕಾಗ. ನಾಳೆ ನೀವೇ ಕುಂಭಾಶಿಗೆ ಹೋಯಿ ಕಾಯ್ ಒಡ್ಸ್ಕಂಡ್ ಬನ್ನಿ."

ಹೇಳುತ್ತಲೇ ಕುಸುಮಾವತಿ ಒಳಗಿನಿಂದ ಉಳಿದ ಉಲ್ಲನ್ನಿನ ಚೀಲ ತಂದರು. ನೇರಳೆ ನೂಲಿನ ತುದಿಯೊಂದನ್ನು ಎಳೆದು ಗಂಡನ ಬೆವರಿದ ಎದೆಯ ಸುತ್ತ ಹಿಡಿದರು. ಅಷ್ಟು ಉಲ್ಲಾಸದ ಮುಖವನ್ನು ಶೆಟ್ಟರು ಮದುವೆಯ ದಿನವೂ ಕಂಡಿರಲಿಲ್ಲ.

"ಪೂರಾ ಕೈಯಿನ ಸ್ವೆಟರೇ ಬೇಕಾತ್ತ್. ಒಂಚೂರ್ ಕೈ ಮೇಲ್ ಮಾಡಿ, ಅಳ್ತೆ ಕಾಣ್ತೆ."

ಶೆಟ್ಟರು ಎರಡೂ ಕೈ ಮೇಲೆತ್ತಿದರು.